ಅತ್ತೆ ತೋರಿಸದ ಬೊಡ್ಡೆ

ಮದುವೆಯಾಗಿ ಬಂದಾಗಿನಿಂದ ಸೊಸೆ ಕೇಳುತ್ತಲೇ ಇದ್ದಳು. ಕಾಡಿನಲ್ಲಿ ಆ ಅಣಬೆ ಎಲ್ಲಿ ಸಿಗುತ್ತದೆ ಅನ್ನುವುದನ್ನು ಅತ್ತೆ ಮಾತ್ರ ಜಪ್ಪಯ್ಯ ಅಂದರೂ ಬಾಯಿ ಬಿಟ್ಟಿರಲಿಲ್ಲ. ಕಡಿದ ಮರದ ಬೊಡ್ಡೆಗೆ ಅಂಟಿಕೊಂಡು ಒಂದರ ಮೇಲೊಂದು ಏಳುವ ಹಳದಿ ಅಣಬೆ ಅದು. ಮಳೆ ಹಿಡಿದ ಮೇಲೆ ಅತ್ತೆ ಒಬ್ಬರೇ ಬುಟ್ಟಿ ಹಿಡಿದು ಹೋಗುತ್ತಿದ್ದರು. ಯಾರಾದರೂ ಬೆನ್ನು ಹತ್ತಿದರೆ ಒಲೆಗೆ ಪುರಳೆ ಆರಿಸುವವರ ಹಾಗೆ ಅಲ್ಲಲ್ಲೇ ಸುತ್ತಾಡಿ ಬರಿಗೈಯಲ್ಲಿ ವಾಪಸಾಗುತ್ತಿದ್ದರು. ಅಣಬೆ ಕೊಯ್ಯುವ ಹೆಂಗಸರೆಲ್ಲ ಹೀಗೆಯೇ. ಒಡವೆ ಬಚ್ಚಿಟ್ಟ ಜಾಗವನ್ನಾದರೂ ಹೇಳಿಯಾರು, ಬೊಡ್ಡೆಯ ಜಾಗ ಹೇಳುವವರಲ್ಲ.

ಇವತ್ತು ಹೇಳದೆ ವಿಧಿಯಿರಲಿಲ್ಲ. ಹಿಂದಿನ ದಿನದ ಅಡುಗೆಯಲ್ಲಿ ಅಣಬೆ ಇದ್ದದ್ದೇ ಸ್ವಲ್ಪ. ಅಷ್ಟನ್ನೂ ಅತ್ತೆ ಮಗನ ತಟ್ಟೆಗೇ ಸುರಿದಿದ್ದರು, ಸೊಸೆ ಮುಖ ಊದಿಸಿಕೊಂಡೇ ಎದ್ದು ಹೋಗಿದ್ದಳು. ಬೆಳಗಾಗುವಷ್ಟರಲ್ಲಿ ಮಗ ವಾಂತಿ ಮಾಡಿ ಮಾಡಿ ಸುಸ್ತಾಗಿ ಆಸ್ಪತ್ರೆ ಸೇರಿದ್ದ. ಗ್ಯಾರೇಜಿನಲ್ಲಿ ಲಾರಿ ಎಂಜಿನ್ ಎತ್ತಿಳಿಸುವ ಆಸಾಮಿ ಈಗ ಮಂಚದ ಮೇಲೆ ಮಗುವಿನ ಹಾಗೆ ಮುದುಡಿ ಮಲಗಿದ್ದ.

"ಅಣಬೆಗಿಂತ ಅದು ಯಾವ ಮರದ ಮೇಲೆ ಬೆಳೆದಿತ್ತು ಅನ್ನೋದು ಮುಖ್ಯ," ಅಂದಿದ್ದರು ಡಾಕ್ಟರಮ್ಮ. "ನೀಲಗಿರಿ ಮೇಲೆ ಬೆಳೆದದ್ದು ಕೆಲವರಿಗೆ ಆಗಿಬರಲ್ಲ. ಆ ಬೊಡ್ಡೆ ನೋಡಿ ಫೋನ್ ಮಾಡಿ, ಅದರ ಒಂದು ಚೂರೂ ತನ್ನಿ."

ಸೊಸೆ ಹೊಲಿಗೆ ಅಂಗಡಿಯ ಬಾಗಿಲು ಕೂಡ ತೆರೆಯದೆ, ಅಡುಗೆಮನೆಯ ಚಾಕು ಚೀಲಕ್ಕೆ ಹಾಕಿಕೊಂಡು ಹೊರಟಿದ್ದಳು. ಕಾಡಿನ ದಾರಿಯಲ್ಲಿ ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅತ್ತೆಯೋ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು.

"ಬೇಗ ಬನ್ನಿ ಅತ್ತೆ. ಇನ್ನೂ ಎಷ್ಟು ದೂರ?"

"ಬರ್ತಿದ್ದೀನಲ್ಲ. ನಿನ್ನ ಹಾಗೆ ಹಾರೋಕೆ ನನಗೆ ರೆಕ್ಕೆ ಇಲ್ಲ."

ಕೊನೆಗೆ ಅತ್ತೆ ಒಂದು ಪೊದೆ ಸರಿಸಿ, ಸೊಂಟದೆತ್ತರದ ಬೊಡ್ಡೆಯೊಂದನ್ನು ತೋರಿಸಿದರು. "ಇದೇ. ಹಿಪ್ಪುನೇರಳೆ."

"ಅಣಬೆ ಕೊಯ್ದ ಗುರುತು ಕಾಣ್ತಿಲ್ವಲ್ಲ?"

"ಮಣ್ಣು ಮೆತ್ತಿದ್ದೀನಿ. ಇನ್ನೊಬ್ಬರ ಕಣ್ಣಿಗೆ ಬೀಳಬಾರದಲ್ಲ."

ಸೊಸೆಗೆ ಬಟ್ಟೆಯ ಜಾತಿ ಗೊತ್ತಿತ್ತೇ ಹೊರತು ಮರದ ಜಾತಿ ಗೊತ್ತಿರಲಿಲ್ಲ. ಬುಡದಲ್ಲಿ ಎದ್ದಿದ್ದ ಚಿಗುರನ್ನು ಮುರಿಯಲು ಅತ್ತೆ ಹೇಳಿದರು. ಮುರಿದಲ್ಲಿ ಹಾಲು ಜಿನುಗಿತು. ಚಾಕುವಿನಿಂದ ಕೆತ್ತಿದರೆ ಒಳಗೆ ಅರಿಶಿನದ ಬಣ್ಣ. ಹಿಪ್ಪುನೇರಳೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು, ಅಲ್ಲಿಂದಲೇ ಫೋನ್ ಮಾಡಿದಳು.

"ಹಾಗಾದ್ರೆ ಅಣಬೆಯಿಂದ ಆಗಿರಲಾರದು," ಅಂದರು ಡಾಕ್ಟರಮ್ಮ. "ನೋವು ಬಲಗಡೆ ಜಾಸ್ತಿಯಾಗಿದೆ. ಅಪೆಂಡಿಕ್ಸ್ ಇರಬಹುದು. ನಮ್ಮ ಸ್ಕ್ಯಾನ್ ಮಿಷನ್ ಕೆಟ್ಟು ಕೂತಿದೆ, ಕಾಯೋಕಾಗಲ್ಲ. ಆಪರೇಶನ್‌ಗೆ ರೆಡಿ ಮಾಡ್ತೀವಿ, ನೀವು ಬಂದು ಸಹಿ ಹಾಕಿ."

ಬಂದ ಜೀವ ಮತ್ತೆ ಹೋಯಿತು. ಹೊಟ್ಟೆ ಕುಯ್ಯುತ್ತಾರಂತೆ ಎಂದು ಅತ್ತೆಗೆ ಹೇಳಿದವಳೇ ಓಡಿದಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅತ್ತೆ ಬೊಡ್ಡೆಯ ಪಕ್ಕದಲ್ಲೇ ನಿಂತಿದ್ದರು.

"ಅದಲ್ಲ ಕಣೆ," ಅಂದರು.

"ಏನು ಅದಲ್ಲ?"

"ಈ ಬೊಡ್ಡೆ ಅಲ್ಲ. ಈ ವರ್ಷ ಇದರಲ್ಲಿ ಒಂದೂ ಏಳಲಿಲ್ಲ. ಅವನು ದಿನಾ ಕೇಳ್ತಿದ್ದ, ಅಮ್ಮ ಅಣಬೆ ಯಾವಾಗ ಅಂತ. ಹಳ್ಳದ ಆಚೆ ಬೇರೆ ಬೊಡ್ಡೆ ಸಿಕ್ತು. ತೊಗಟೆ ಇಲ್ಲ, ಚಿಗುರಿಲ್ಲ. ಯಾವ ಮರ ಅಂತ ನೋಡದೆ ಕೊಯ್ದುಬಿಟ್ಟೆ."

"ಮತ್ತೆ ಇದನ್ನ ಯಾಕೆ ತೋರಿಸಿದ್ರಿ?"

"ಇದೇ ಆಗಿರಲಿ ಅನ್ನಿಸ್ತು," ಅಂದರು ಅತ್ತೆ.

ಸೊಸೆಗೆ ಮೈಯೆಲ್ಲ ಉರಿಯಿತು. ಕೈಗೆ ಸಿಕ್ಕಿದ್ದರಿಂದ ಒಂದು ಬಿಡೋಣ ಅನ್ನಿಸಿತು, ಅದನ್ನು ಮುಚ್ಚಿಡುವುದೇಕೆ. "ಮಗನಿಗಿಂತ ನಿಮ್ಮ ಮರ್ಯಾದೆ ದೊಡ್ಡದಾಯ್ತಾ?" ಅಂದಳು. ಅತ್ತೆ ಸೀರೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿದರು.

ಆಚೆ ದಡದ ಬೊಡ್ಡೆ ಬೂದಿ ಬಣ್ಣಕ್ಕೆ ತಿರುಗಿತ್ತು, ಯಾವ ಮರವೆಂದು ಹೇಳಲು ಒಂದು ಎಲೆಯೂ ಇರಲಿಲ್ಲ. ಅತ್ತೆ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಕೆದಕಿದಾಗ ಅಣಬೆ ಕೊಯ್ದ ಗುರುತು ಕಾಣಿಸಿತು. ಸೊಸೆ ಪಕ್ಕದಲ್ಲೇ ಚಾಕು ಹಾಕಿದಳು. ಮೊದಲು ಬೂದು, ಆಮೇಲೆ ಕೆಂಪು. ಬಿರುಕಿನಲ್ಲಿ ಕಪ್ಪುಗೆಂಪು ಅಂಟು ಗಟ್ಟಿಯಾಗಿ ಕೂತಿತ್ತು. ಬುಡದ ಮಣ್ಣು ಕೆದಕಿದರೆ ಕೋಟಿನ ಗುಂಡಿಯಂಥ ಗಟ್ಟಿ ಕಾಯಿಗಳು ಸಿಕ್ಕವು, ತಲೆಯ ಮೇಲೆ ನಕ್ಷತ್ರದ ಹಾಗೆ ಸೀಳಿಕೊಂಡಿದ್ದವು. ಅತ್ತೆ ಒಂದನ್ನು ಅಂಗೈಯಲ್ಲಿ ಉಜ್ಜಿ ಮೂಸಿದರು, ಅಲ್ಲೇ ಕೂತುಬಿಟ್ಟರು.

"ನೀಲಗಿರಿ," ಅಂದರು.

ಸೊಸೆ ತಕ್ಷಣ ಫೋನ್ ಮಾಡಿದಳು. "ನೀಲಗಿರಿ ಡಾಕ್ಟ್ರೇ, ಆಪರೇಶನ್ ನಿಲ್ಲಿಸಿ," ಅಂದಳು.

"ಈಗ ತಾನೇ ಹಿಪ್ಪುನೇರಳೆ ಅಂದ್ರಲ್ಲಮ್ಮ. ಯಾವುದನ್ನ ನಂಬಲಿ ನಾನು?"

ಎಷ್ಟೋ ವರ್ಷಗಳಿಂದ ಸೊಸೆ ಅತ್ತೆಯ ಇಂಥದ್ದೊಂದು ತಪ್ಪು ಕೈಗೆ ಸಿಗಲಿ ಎಂದು ಕಾದಿದ್ದಳು. ಈಗ ಒಂದು ಮಾತು ಸಾಕಿತ್ತು, ಜೀವಮಾನವಿಡೀ ಅತ್ತೆ ತಲೆ ಎತ್ತುತ್ತಿರಲಿಲ್ಲ. ಅವಳು ಕೆಳಗೆ ನೋಡಿದಳು. ಮಣ್ಣು ಮೆತ್ತಿದ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ನಾನೇ ತಪ್ಪು ನೋಡಿದೆ ಡಾಕ್ಟ್ರೇ. ನನಗೆ ಮರ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂದ್ರೆ ಇದನ್ನ ಹೇಗೆ ಹೇಳ್ತೀರಿ?" ಡಾಕ್ಟರಮ್ಮನ ದನಿ ಗಟ್ಟಿಯಾಯಿತು. "ಅಂದಾಜಿನ ಮೇಲೆ ನಾನು ರೋಗಿನ ಹಾಗೇ ಬಿಡೋಕಾಗಲ್ಲ."

ಅತ್ತೆ ಎದ್ದರು. ಸೊಸೆಯ ಕೈಯಿಂದ ಫೋನ್ ಕಿತ್ತುಕೊಂಡರು.

"ಅವಳದ್ದೇನೂ ತಪ್ಪಿಲ್ಲ ತಾಯಿ. ಕೊಯ್ದವಳು ನಾನು. ಸುಳ್ಳು ಬೊಡ್ಡೆ ತೋರಿಸಿದವಳೂ ನಾನೇ. ಇದು ನೀಲಗಿರಿನೇ, ನನ್ನ ಮಗನ ಮೇಲಾಣೆ. ಅವನ ಹೊಟ್ಟೆ ಕುಯ್ಯಬೇಡಿ."

ಆ ಕಡೆಯಿಂದ "ಸರಿ, ಸದ್ಯಕ್ಕೆ ನಿಲ್ಲಿಸ್ತೀನಿ. ಚೂರು ತನ್ನಿ, ಬೇಗ," ಅಂತ ಕೇಳಿಸಿತು.

ಅತ್ತೆ ಫೋನ್ ವಾಪಸು ಕೊಟ್ಟರು. ಈಗ ಅವರೇ ಮುಂದೆ ನಡೆದರು, ಒಂದು ಕಡೆಯೂ ನಿಲ್ಲಲಿಲ್ಲ. ಸೊಸೆ ಕೆತ್ತಿ ತೆಗೆದ ಮರದ ಚೂರನ್ನು ಮುಷ್ಟಿಯಲ್ಲಿ ಹಿಡಿದು ಅವರ ಹಿಂದೆ ಓಡಿದಳು.