ಒಂದೇ ಕಡೆಯ ತಪ್ಪು

ನಾಟಕ ಕಂಪನಿಯ ಹೊಲಿಗೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಡ್ರಾಯಿಂಗ್ ಮಿಸ್ ಎನ್ನುತ್ತಿದ್ದರು. ಆ ಹೆಸರಿನಲ್ಲಿ ಗೌರವ ಕಾಲು ಭಾಗ, ಕೀಟಲೆ ಮುಕ್ಕಾಲು ಭಾಗ. ಶಾಲೆಯ ಮಕ್ಕಳಿಗೆ ಅದೇ ಬೆಟ್ಟ, ಅದೇ ಸೂರ್ಯ, ಅದೇ ಮನೆ ಬಿಡಿಸುವುದನ್ನು ಕಲಿಸಿ ಕಲಿಸಿ ಬೇಸತ್ತು, ಇನ್ನೇನು ನಲವತ್ತು ಹತ್ತಿರ ಬಂತು ಎನ್ನುವಾಗ ದೀರ್ಘ ರಜೆ ಹಾಕಿ ಇಲ್ಲಿ ಬಂದು ಕೂತಿದ್ದಳು. ವೇಷಗಳ ಚಿತ್ರ ಬರೆಯುವುದರಿಂದ ಹಿಡಿದು ಕೊನೆಯ ಹುಕ್ಕು ಹಾಕುವವರೆಗೆ ಎಲ್ಲವನ್ನೂ ಕಲಿಯಬೇಕೆಂಬ ಹುಚ್ಚು ಅವಳಿಗೆ. ಹುಚ್ಚು ಎಂದದ್ದು ನಾನಲ್ಲ, ಅವಳ ಅತ್ತೆ.

ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಕಾಗದದ ಮೇಲೆ ರಾಜಕುಮಾರಿಯರು ತೇಲುತ್ತಿದ್ದರು, ಸೈನಿಕರ ಮೇಲಂಗಿ ಗಾಳಿಗೆ ಹಾರುತ್ತಿತ್ತು. ಕೋಣೆಯ ಯಜಮಾನಿ ಕತ್ತರಿಯಮ್ಮ ಮಾತ್ರ ಆ ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿಯ ನಡುವಿನ ಗುಂಡುಸೂಜಿಗಳನ್ನು ತೆಗೆದು, ಪ್ರತಿ ಸಲ ಒಂದು ಪ್ರಶ್ನೆ ಕೇಳುತ್ತಿದ್ದಳು.

"ಚೆನ್ನಾಗಿದೆ ಮಿಸ್ಸಮ್ಮ. ಇವಳು ಕೂತ್ಕೊಳ್ಳೋದು ಹೇಗೆ?"

ಇನ್ನೊಂದು ಸಲ, "ಇವನು ಮೆಟ್ಟಿಲು ಹತ್ತಬೇಕಲ್ಲ, ಕಾಲೆಲ್ಲಿ?"

ಮಿಸ್ ಪೆಚ್ಚಾಗಿ ನಗುತ್ತಿದ್ದಳು, ಆಮೇಲೆ ಅಳಿಸಿ ಬರೆಯುತ್ತಿದ್ದಳು. ಕತ್ತರಿಯಮ್ಮನಿಗೆ ಆ ಅಳಿಸುವುದೇ ಹಿಡಿಸಿತೋ ಏನೋ, ಹೊಸ ನಾಟಕ ಶುರುವಾದಾಗ ರಾಣಿಯ ಗೌನನ್ನು ಪೂರ್ತಿ ಅವಳ ಕೈಗೇ ಕೊಟ್ಟುಬಿಟ್ಟಳು. ಜೊತೆಗೆ ಒಂದು ಮಾತು. "ಇದು ಸ್ಟೇಜ್ ಮೇಲೆ ನಿಂತ್ರೆ ನೀನು ಈ ಕೋಣೆಯವಳು. ಇಲ್ದಿದ್ರೆ ನಿನ್ನ ಮಕ್ಕಳು, ನಿನ್ನ ಬೆಟ್ಟ ಸೂರ್ಯ ಇದ್ದೇ ಇವೆ."

ರಾಣಿಯ ಪಾತ್ರದವರು ಕಂಪನಿಯ ಹಿರಿಯ ನಟಿ. ಅರವತ್ತು ದಾಟಿದ್ದರೂ ಬಾಗಿಲಲ್ಲಿ ನಿಂತರೆ ಬಾಗಿಲೇ ಸಣ್ಣದಾಯಿತೆನ್ನಿಸುವ ಹೆಂಗಸು. ಎಲ್ಲರಿಗೂ ಅವರು ಅಮ್ಮ. ನಾಟಕದ ಕೊನೆಯ ದೃಶ್ಯದಲ್ಲಿ ಆ ರಾಣಿ ಎರಡೂ ಕೈಗಳಿಂದ ಕಿರೀಟವನ್ನು ತಲೆಯ ಮೇಲಕ್ಕೆತ್ತಿ, ಒಂದು ಗಳಿಗೆ ಹಾಗೇ ಹಿಡಿದು, ಆಮೇಲೆ ಮಗನ ತಲೆಗೆ ಇಡಬೇಕು. ನಿರ್ದೇಶಕರಿಗೆ ಈ ದೃಶ್ಯವೆಂದರೆ ಪ್ರಾಣ. ಕಿರೀಟ ಇನ್ನೂ ತಯಾರಾಗಿರಲಿಲ್ಲವಾದ್ದರಿಂದ ತಾಲೀಮಿನಲ್ಲಿ ಅಮ್ಮ, "ಇಲ್ಲಿ ಕಿರೀಟ ಆಯ್ತು" ಎಂದು ಬಾಯಲ್ಲೇ ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದರು.

ಮಿಸ್ ಮೊದಲು ಹಳೇ ಬೆಡ್‌ಶೀಟಿನಲ್ಲಿ ಗೌನು ಹೊಲಿದು ಟ್ರಯಲ್ ನೋಡಿದಳು. ಕೈ ಎತ್ತುವ ರಾಣಿಗೆ ಎಲ್ಲಿಯೂ ಬಿಗಿಯಾಗಬಾರದೆಂದು ತೋಳು ಸೇರುವ ಕಂಕುಳ ಸುತ್ತನ್ನು ಧಾರಾಳವಾಗಿ, ಬಹಳ ಕೆಳಗಿನವರೆಗೆ ಕತ್ತರಿಸಿದ್ದಳು. ಅಮ್ಮ ಕೈ ಎತ್ತಿದ್ದೇ ತಡ, ಇಡೀ ಗೌನು ಮೊಣಕಾಲಿನವರೆಗೆ ಮೇಲೆದ್ದಿತು. ಕೋಣೆಗೆ ಕೋಣೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರ ಕಣ್ಣೂ ಕಾಲಿನ ಕಡೆ ಹೋಗಿದ್ದರಿಂದ ಮೇಲೆ ಕೈಗಳು ಎಲ್ಲಿಯವರೆಗೆ ಎದ್ದವೆಂದು ಯಾರೂ ನೋಡಲಿಲ್ಲ.

"ಸಡಿಲ ಬಿಟ್ರೆ ಕೈ ಸಲೀಸಾಗಿ ಏಳುತ್ತೆ ಅಂದ್ಕೊಂಡೆ," ಎಂದು ಮಿಸ್ ತಡವರಿಸಿದಳು.

"ಎಲ್ರೂ ಮೊದಲು ಹಾಗೇ ಅಂದ್ಕೊಳ್ಳೋದು," ಎಂದಳು ಕತ್ತರಿಯಮ್ಮ. "ಸುತ್ತು ಕೆಳಗಿಳಿದ್ರೆ ತೋಳನ್ನ ಸೊಂಟಕ್ಕೆ ಕಟ್ಟಿಹಾಕಿದ ಹಾಗೆ. ಚಿಕ್ಕದಾಗಿ, ಕಂಕುಳಿಗೆ ಅಂಟಿಕೊಂಡ ಹಾಗೆ ಇರ್ಬೇಕು. ಆಗ ಕೈ ಮಾತ್ರ ಏಳುತ್ತೆ, ಗೌನು ಅದರ ಪಾಡಿಗೆ ಇರುತ್ತೆ."

ಮಿಸ್ ಅದನ್ನು ಮನಸ್ಸಿಗೆ ಹಾಕಿಕೊಂಡಳು. ಕಡುಗೆಂಪು ಮಖಮಲ್ಲು ಬಂತು. ಅದನ್ನು ಉದ್ದಕ್ಕೆ ಮಡಚಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತರಿಸಿದಳು. ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಿದರೆ ಎಡಬಲ ಎರಡೂ ಒಂದೇ ಅಚ್ಚಿನಂತೆ ಬರುತ್ತವೆ. ಕಚ್ಚಾ ಹೊಲಿಗೆ ಹಾಕಿದ ಗೌನನ್ನು ಟ್ರಯಲ್ ರೂಮಿಗೆ ಒಯ್ದಾಗ ಅವಳ ಎದೆ ಹೆಮ್ಮೆಯಿಂದ ಉಬ್ಬಿತ್ತು. ಒಳಗೆ ಅಮ್ಮ ಒಬ್ಬರೇ ಇದ್ದರು.

"ಕೈ ಎತ್ತಿ ಅಮ್ಮ."

ಬಲಗೈ ಹೂವಿನಂತೆ ಮೇಲೆದ್ದಿತು. ಗೌನಿನ ಅಂಚು ಒಂದಿಷ್ಟೂ ಅಲುಗಲಿಲ್ಲ. ಎಡಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮಿಸ್ ಗಾಬರಿಯಿಂದ ಕಂಕುಳಲ್ಲಿ ಬೆರಳು ತೂರಿಸಿ ನೋಡಿದಳು. ಬಟ್ಟೆ ಎಲ್ಲಿಯೂ ಹಿಡಿದಿರಲಿಲ್ಲ.

"ಬಟ್ಟೆ ಸರಿಯಾಗಿದೆ ಕಣೇ," ಎಂದರು ಅಮ್ಮ ಕನ್ನಡಿಯನ್ನೇ ನೋಡುತ್ತಾ. "ಸರಿಯಿಲ್ದಿರೋದು ನಾನು. ಬಚ್ಚಲಲ್ಲಿ ಜಾರಿ ಬಿದ್ದೆ. ಕೀಲು ಹಿಡ್ಕೊಂಡಿದೆ. ಬಿಡುತ್ತೆ ಅಂತಾರೆ ಡಾಕ್ಟರು, ಯಾವಾಗ ಅಂತ ಹೇಳಲ್ಲ."

"ಸರ್‌ಗೆ ಹೇಳಿದ್ರೆ..."

"ಹೇಳಿದ್ರೆ? ದಾಸಿ ಪಾತ್ರದ ಹುಡುಗಿ ನನ್ನ ಮಾತೆಲ್ಲ ಬಾಯಿಪಾಠ ಮಾಡಿಟ್ಕೊಂಡು ಕೂತಿದ್ದಾಳೆ. ಅವಳಿಗೆ ಎರಡು ಕೈನೂ ಏಳುತ್ತೆ." ಅವರು ನಗಲು ನೋಡಿದರು, ಆಗಲಿಲ್ಲ. "ಒಂದು ಸಲ ಪಾತ್ರ ಕೈ ಬಿಟ್ಟರೆ ಈ ವಯಸ್ಸಲ್ಲಿ ಮತ್ತೆ ಯಾರು ಕರೀತಾರೆ? ಆವತ್ತು ಬೆಡ್‌ಶೀಟಲ್ಲಿ ಹೊಲಿದಿದ್ದೆಯಲ್ಲ, ತೋಳು ಹಾಗೇ ಇರ್ಲಿ. ಕೈ ಏಳ್ತಿಲ್ಲ ಅಂದ್ರೆ ಗೌನಿಂದ ಅಂತ ಆಗ್ಲಿ."

ಮಿಸ್‌ಗೆ ಅರ್ಥವಾಯಿತು. ಇವರು ಕೇಳುತ್ತಿರುವುದು ಹೊಲಿಗೆಯ ತಪ್ಪನ್ನಲ್ಲ, ತನ್ನ ಇಡೀ ಕಲಿಕೆಯನ್ನು. ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೂ ಅವಳ ಕೈ ಮಾತ್ರ ಅಮ್ಮನ ಎಡತೋಳನ್ನು ಜೋಪಾನವಾಗಿ ಹಿಡಿದು ಕೆಳಗಿಳಿಸುತ್ತಿತ್ತು.

ಅಡ್ಡದಾರಿ ಹಿಡಿಯುವ ಮೊದಲು ಅವಳು ನೇರ ದಾರಿಯನ್ನೂ ಹುಡುಕಿದಳೆನ್ನಿ. ಎಡಭುಜದಿಂದ ಭಾರವಾದ ನಿಲುವಂಗಿ ಇಳಿಬಿಟ್ಟ, ಒಂದೇ ಕೈಯಲ್ಲಿ ಕಿರೀಟ ಎತ್ತಿದ ರಾಣಿಯನ್ನು ಬರೆದು ನಿರ್ದೇಶಕರಿಗೆ ತೋರಿಸಿದಳು. ಅವರು ಚಿತ್ರವನ್ನು ಮೆಚ್ಚಿದರು, ವಾಪಸು ಕೊಟ್ಟರು. "ಬರ್ದಿರೋದೇನೋ ಸೊಗಸಾಗಿದೆ. ಆದ್ರೆ ನನಗೆ ಎರಡು ಕೈ ಬೇಕು. ನೀವು ಬಟ್ಟೆ ನೋಡ್ಕೊಳ್ಳಿ, ಕೈ ನಾನು ನೋಡ್ಕೊಳ್ತೀನಿ."

ಮನೆಗೆ ಹೋದರೆ ಅತ್ತೆ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದರು.

"ಸ್ಕೂಲಿಂದ ಫೋನ್ ಬಂದಿತ್ತು. ವಾಪಸು ಬರ್ತೀರೋ ಇಲ್ವೋ ಈ ವಾರ ಹೇಳಿ, ಇಲ್ಲಾಂದ್ರೆ ಬೇರೆಯವರನ್ನ ತಗೋತೀವಿ ಅಂದ್ರು. ಏನ್ ಹೇಳ್ಲಿ?"

"ಅತ್ತೆ, ನಾನು ಈ ಕೆಲಸದಲ್ಲಿ ಹೆಸರು ಕೆಡಿಸ್ಕೊಂಡು ಬಂದ್ರೆ ಏನಂತೀರಿ?"

ಅತ್ತೆ ಮಗನ ಅಂಗಿಯೊಂದನ್ನು ಕೊಡವಿದರು. "ಹೆಸರು ಬಂದಿದ್ದು ಯಾವಾಗ, ಕೆಡಿಸ್ಕೊಳ್ಳೋಕೆ?" ಎಂದರು. ಆಮೇಲೆ ಸೊಸೆಯ ಮುಖ ನೋಡಿ ಸ್ವರ ಇಳಿಸಿದರು. "ಏನಾಯ್ತೇ? ಊಟ ಆದ್ರೂ ಮಾಡಿದ್ಯಾ?" ಅವಳು ತಲೆಯಾಡಿಸಿದಳು. ಅತ್ತೆ ಮತ್ತೇನೂ ಕೇಳದೆ ಅಂಗಿಯನ್ನು ಪಕ್ಕಕ್ಕಿಟ್ಟು ತಟ್ಟೆ ತರಲು ಎದ್ದರು.

ಮಾರನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ಮಿಸ್ ಗೌನಿನ ಎಡತೋಳನ್ನು ಬಿಚ್ಚಿದಳು. ಚೆಂದವಾಗಿ ಕೂತಿದ್ದ ಸುತ್ತನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಕತ್ತರಿಸಿದಳು. ಮಖಮಲ್ಲಿನ ಚೂರು ನೆಲಕ್ಕೆ ಬಿತ್ತು. ಹೊಂದುವ ಹಾಗೆ ಹೊಸ ತೋಳು ಜೋಡಿಸಿ, ಒಳಗೆ ಅಸ್ತರು ಕೊಟ್ಟು ಮುಚ್ಚಿದಳು. ಬಲಗಡೆಯನ್ನು ಮುಟ್ಟಲಿಲ್ಲ, ಕಿರೀಟ ಎತ್ತಲು ಒಂದು ಕೈಯಾದರೂ ಬೇಕಲ್ಲ. ಮಖಮಲ್ಲು ಅಲ್ಲಿಗೆ ಮುಗಿದಿತ್ತು.

ಮೊದಲ ಪ್ರದರ್ಶನದ ಹಿಂದಿನ ದಿನ ಎಲ್ಲರೂ ವೇಷ ತೊಟ್ಟು ತಾಲೀಮು ಮಾಡಿದರು. ಹೊಸ ಕಿರೀಟ ಥಳಥಳಿಸುತ್ತಿತ್ತು. ಕೊನೆಯ ದೃಶ್ಯ ಬಂತು. ಅಮ್ಮನ ಬಲಗೈ ಮೇಲೇರಿತು, ಎಡಗೈ ಅರ್ಧದಲ್ಲಿ ನಿಂತಿತು, ಗೌನಿನ ಎಡಪಕ್ಕ ಸೊಂಟದಿಂದ ಜಗ್ಗಿ ಸುಕ್ಕಾಯಿತು. ನಿರ್ದೇಶಕರು ಕುರ್ಚಿಯಿಂದ ಎದ್ದು ಕೆಂಡಾಮಂಡಲವಾದರು.

"ಏನಿದು? ಏನ್ ಹೊಲಿದಿದ್ದೀರಿ?"

ಇಷ್ಟಕ್ಕೆ ಮುಗಿದಿದ್ದರೆ ಮಿಸ್ ನುಂಗಿಕೊಳ್ಳುತ್ತಿದ್ದಳು. ಆದರೆ ಅಮ್ಮ ಮಹಾ ನಟಿಯಲ್ಲವೇ, ಪಾತ್ರ ಸಿಕ್ಕರೆ ಅರ್ಧಂಬರ್ಧ ಮಾಡುವವರಲ್ಲ. "ಎಷ್ಟು ಸಲ ಬಡ್ಕೊಂಡೆ ಇವಳ ಹತ್ರ, ತೋಳು ಹಿಡಿಯುತ್ತೆ ಅಂತ!" ಎಂದು ರಂಗ ನಡುಗುವಂತೆ ಕೂಗಿದರು. "ಪೆನ್ಸಿಲ್ ಹಿಡಿಯೋರ ಕೈಗೆ ಕತ್ತರಿ ಕೊಟ್ರೆ ಇನ್ನೇನಾಗುತ್ತೆ!" ದಾಸಿ ಪಾತ್ರದ ಹುಡುಗಿ ಕಿಸಕ್ಕನೆ ನಕ್ಕಳು. ಮಿಸ್‌ಗೆ ಕಣ್ಣು ತುಂಬಿ ಬಂತು. ಅದು ನಟನೆಯೆಂದು ಗೊತ್ತಿದ್ದರೂ ಬೈಗುಳ ಬೈಗುಳದಂತೆಯೇ ನಾಟಿತು.

ಕತ್ತರಿಯಮ್ಮ ಮೆಟ್ಟಿಲು ಹತ್ತಿ ಬಂದಳು. ಅಮ್ಮನ ಬಲ ಕಂಕುಳಲ್ಲಿ ಎರಡು ಬೆರಳಿಟ್ಟು ನೋಡಿದಳು, ಆಮೇಲೆ ಎಡ ಕಂಕುಳಲ್ಲಿ. ಮತ್ತೊಮ್ಮೆ ಬಲ, ಮತ್ತೊಮ್ಮೆ ಎಡ. ಆಮೇಲೆ ಅಮ್ಮನ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು. ಅಮ್ಮ ಕಣ್ಣು ತಪ್ಪಿಸಿದರು.

"ಕಲಿಯೋರ ಕೈ ಸರ್, ಕಟಿಂಗ್ ತಪ್ಪಿದೆ," ಎಂದಳು ಕತ್ತರಿಯಮ್ಮ. "ಇದಕ್ಕೆ ಹೊಂದೋ ಬಟ್ಟೆ ಒಂದು ಗೇಣೂ ಉಳಿದಿಲ್ಲ. ನಾಳೆ ಒಂದೇ ಕೈಲಿ ಎತ್ತಿಸಿ."

ನಿರ್ದೇಶಕರು ಗೊಣಗಿದರು, ತಲೆ ಚಚ್ಚಿಕೊಂಡರು, ಕೊನೆಗೆ ಒಂದೇ ಕೈಯಲ್ಲಿ ಮಾಡಿಸಿ ನೋಡಿದರು. ಬಲಗೈಯಲ್ಲಿ ಕಿರೀಟ, ಎಡಗೈ ಎದೆಯ ಮೇಲೆ. "ನಡೆಯುತ್ತೆ," ಎಂದರು. ಮಿಸ್ ಕಡೆ ತಿರುಗಿ, "ನಾಟಕ ಮುಗಿದ ಮೇಲೆ ಇವರನ್ನ ಕಳಿಸಿಬಿಡಿ," ಎಂದೂ ಸೇರಿಸಿದರು.

"ನನ್ನ ಕೋಣೆ ವಿಷಯ ನನಗೆ ಬಿಡಿ ಸರ್," ಎಂದು ಕತ್ತರಿಯಮ್ಮ ಇಳಿದು ಹೋದಳು.

ಹೊಲಿಗೆ ಕೋಣೆಗೆ ಬಂದು ಬಾಗಿಲು ಮುಚ್ಚಿದ ಮೇಲೆ ಕತ್ತರಿಯಮ್ಮ ಸ್ಟೂಲಿನ ಮೇಲೆ ಕೂತಳು. ಮಿಸ್ ಶಾಲೆಯ ಹುಡುಗಿಯಂತೆ ನಿಂತೇ ಇದ್ದಳು.

"ಬಟ್ಟೆ ಮಡಚಿ ತಾನೆ ಕತ್ತರಿಸಿದ್ದು?"

"ಹೂಂ."

"ಮಡಚಿ ಕತ್ತರಿಸಿದ್ರೆ ತಪ್ಪೂ ಎರಡೂ ಕಡೆ ಬರ್ಬೇಕು. ಒಂದೇ ಕಡೆ ಹೇಗೆ ಬಂತು?"

ಮಿಸ್ ನೆಲದ ಮೇಲಿದ್ದ ದಾರದ ತುಂಡೊಂದನ್ನು ಹೆಕ್ಕಿದಳು.

"ಬಲಗಡೆ ಸುತ್ತು ನೋಡಿದೆ. ನಾನೂ ಅದಕ್ಕಿಂತ ಚೆನ್ನಾಗಿ ಕೂರಿಸ್ತಿರ್ಲಿಲ್ಲ. ಅಂಥವಳು ಎಡಗಡೆ ಹಾಗ್ಯಾಕೆ ಹಾಳು ಮಾಡ್ದೆ? ಅಂಥ ಮಖಮಲ್ಲು! ಹೊಟ್ಟೆ ಉರಿಯುತ್ತೆ ನನಗೆ. ಏನಾದ್ರೂ ಇದ್ರೆ ಮೊದಲು ನನ್ನ ಹತ್ರ ಬಂದು ಕೇಳ್ಬೇಕೋ ಬೇಡ್ವೋ?"

"ಕೇಳಿದ್ರೆ ಯಾಕೆ ಅಂತ ಹೇಳ್ಬೇಕಾಗ್ತಿತ್ತು ಅಕ್ಕ," ಎಂದಳು ಮಿಸ್. "ಅದು ನಾನು ಹೇಳೋ ವಿಷಯ ಅಲ್ಲ."

ಕತ್ತರಿಯಮ್ಮ ಅಳತೆಯ ಟೇಪನ್ನು ಬೆರಳಿಗೆ ಸುತ್ತತೊಡಗಿದಳು. ಮೈಗೆ ಟೇಪು ಹಿಡಿಯುವವರ ಮುಂದೆ ಜನ ಏನೆಲ್ಲ ಬಿಚ್ಚಿಡುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೇ? ಗಾಯದ ಗುರುತು, ಬಸುರು, ಕರಗುತ್ತಿರುವ ಮೈ ಎಲ್ಲವನ್ನೂ ಅವಳು ಕಂಡಿದ್ದಳು, ಒಂದನ್ನೂ ಈ ಬಾಗಿಲಿನಾಚೆ ಬಿಟ್ಟಿರಲಿಲ್ಲ. ಗುಟ್ಟು ಬಿಡದ ಅಂಥದೇ ಇನ್ನೊಂದು ಬಾಯಿ ಈಗ ಎದುರಿಗೆ ನಿಂತಿತ್ತು.

"ಸ್ಕೂಲಿಗೆ ಫೋನ್ ಮಾಡು," ಎಂದಳು ಕೊನೆಗೆ. "ಬರಲ್ಲ ಅಂತ ಹೇಳ್ಬಿಡು. ಆದ್ರೆ ನೋಡು, ಇನ್ನೊಂದು ಸಲ ನನ್ನ ಮಖಮಲ್ಲು ಮುಟ್ಟಿದ್ಯೋ, ನಿನ್ನ ಕೈ ನಾನೇ ಮುರೀತೀನಿ." ಮಿಸ್‌ಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು.

ಪ್ರದರ್ಶನದ ಸಂಜೆ ಅವಳು ಪರದೆಯ ಪಕ್ಕ ನಿಂತು ನೋಡಿದಳು. ಕಡುಗೆಂಪು ರಾಣಿ ಒಂದು ಕೈಯನ್ನು ಎದೆಗಿಟ್ಟು, ಇನ್ನೊಂದು ಕೈಯಲ್ಲಿ ಕಿರೀಟವನ್ನು ಎತ್ತಿ ಹಿಡಿದಾಗ ಸಭೆಯಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆ ನಿಲ್ಲುವ ಹಾಗೇ ಕಾಣಲಿಲ್ಲ.

ಮುಗಿದ ಮೇಲೆ ವೇಷದ ಕೋಣೆ ಸಂತೆಯಾಗಿತ್ತು. ನಿರ್ದೇಶಕರು, ದಾಸಿ ಹುಡುಗಿ, ಹೂಗುಚ್ಛ ಹಿಡಿದವರು ಎಲ್ಲರೂ ಅಲ್ಲೇ. ಮಿಸ್ ಅಮ್ಮನ ಬೆನ್ನಿನ ಹುಕ್ಕುಗಳನ್ನು ಬಿಚ್ಚಿ, ಎಡತೋಳನ್ನು ಮೆಲ್ಲಗೆ, ನೋವಾಗದಂತೆ ಎಳೆದು ತೆಗೆಯುತ್ತಿದ್ದಳು.

"ನಿಧಾನ ಕಣೇ! ಹೊಲಿಯೋಕಂತೂ ಬರಲ್ಲ, ಬಿಚ್ಚೋಕಾದ್ರೂ ಬರುತ್ತಾ ನಿಂಗೆ?" ಎಂದು ಅಮ್ಮ ಎಲ್ಲರಿಗೂ ಕೇಳುವಂತೆ ಗದರಿದರು. ಜನ ನಕ್ಕರು. ಗೌನಿನ ಮಡಿಕೆಯ ಮರೆಯಲ್ಲಿ ಅವರ ಬಲಗೈ ಮಿಸ್‌ನ ಕೈಯನ್ನು ಹಿಡಿದುಕೊಂಡಿತ್ತು. ಎಲ್ಲರೂ ಹೊರಟು ಹೋಗುವವರೆಗೂ ಅವರು ಬೈಯುವುದನ್ನು ನಿಲ್ಲಿಸಲಿಲ್ಲ, ಕೈಯನ್ನೂ ಬಿಡಲಿಲ್ಲ.