ಪ್ರೇಮಾವತಿ ರೇಡಿಯೋದಲ್ಲಿ ಹಾಡಿದ್ದು

ಅಡಿಕೆ ಮರದ ಸಂಕ ದಾಟುವಾಗ ಕಾಲು ಜಾರಿ ಕೆಳಗಿನ ತೋಡಿನ ನೀರಿಗೆ ಬಿದ್ದಾಗಲೇ ಮೇದಪ್ಪ ಗೌಡರಿಗೆ ಆ ರೇಡಿಯೋದ ಮೇಲೆ ಹೇಸಿಗೆ ಹುಟ್ಟಿತ್ತು. ಹೆಂಡತಿ ಪೂವಮ್ಮನ ತಮ್ಮ ದೇರಣ್ಣ ಆ ಪೆಟ್ಟಿಗೆಯನ್ನು ಪುತ್ತೂರಿನಿಂದ ಕಡಬದ ತನ್ನ ಮನೆಗೆ ಹೊತ್ತು ತಂದಿರದಿದ್ದರೆ, ಅದನ್ನು ಕೇಳಲು ಹೊರಟು ಈ ವಯಸ್ಸಿನಲ್ಲಿ ಸೊಂಟದವರೆಗೆ ಕೆಸರು ನೀರು ಮೆತ್ತಿಕೊಳ್ಳುವ ಗ್ರಹಚಾರ ತನಗೆ ಬರುತ್ತಿತ್ತೇ?

ಮಗಳು ಪ್ರೇಮಾವತಿ ಮೈಸೂರಿನಲ್ಲಿ ದೊಡ್ಡ ಸೋದರಮಾವನ ಮನೆಯಲ್ಲಿದ್ದು ಸಂಗೀತ ಕಲಿಯುತ್ತಿದ್ದಳು. ಆ ಸಂಜೆ ರೇಡಿಯೋದಲ್ಲಿ ಅವಳ ಹಾಡು. ತಾಳಮದ್ದಲೆಯಲ್ಲಿ ಭಾಗವತರ ಶ್ರುತಿ ಒಂದೆಳೆ ತಪ್ಪಿದರೂ ಮುಖ ಕಿವುಚುವ ಗೌಡರು ಮನೆಯಲ್ಲೇ ಹೇಳಿಬಿಟ್ಟಿದ್ದರು: "ನಾನೇ ಕೇಳ್ತೇನೆ. ಸ್ವರ ಚಂದ ಉಂಟಾ, ಕಲಿಯಲಿ. ಇಲ್ಲವಾ, ಹೋಗಿ ಕರ್ಕೊಂಡು ಬರುದು. ಮತ್ತೆ ಮಾತಿಲ್ಲ." ಅಂದಿನಿಂದ ಪೂವಮ್ಮನಿಗೆ ಊಟ ಸೇರುತ್ತಿರಲಿಲ್ಲ.

ದೇರಣ್ಣನ ಅಂಗಳದಲ್ಲಿ ಹಲಸಿನ ಮರದಿಂದ ಕಿಟಕಿಯವರೆಗೆ ಎತ್ತರದಲ್ಲಿ ತಂತಿ ಎಳೆದಿದ್ದರು. ಕೋಳಿ, ನಾಯಿ ಮುಟ್ಟದ ಹಾಗೆ ಬಟ್ಟೆ ಹರವಲು ಇಷ್ಟಾದರೂ ಮಾಡಿದ್ದಾನಲ್ಲ ಪುಣ್ಯಾತ್ಮ! ಗೌಡರು ಒಣ ಪಂಚೆ ಇಸಿದುಕೊಂಡು ಉಟ್ಟರು. ತಮ್ಮ ಒದ್ದೆ ಪಂಚೆಯನ್ನು ಮಾವಿನಕಾಯಿ ಕೀಳುವ ದೋಟಿಯ ತುದಿಯಿಂದ ಎತ್ತಿ ತಂತಿಗೆ ಹಾಕಿದರು. ಅದರ ಒಂದು ಸೆರಗು ಹಲಸಿನ ಮರಕ್ಕೆ ಅಂಟಿಕೊಂಡು ನೀರಿಳಿಸುತ್ತಿತ್ತು. ಆ ಮನೆಯಲ್ಲಿ ಅವರಿಗೆ ಮೆಚ್ಚಿಗೆಯಾದದ್ದು ಆ ತಂತಿಯೊಂದೇ.

ಒಳಗೆ ರೇಡಿಯೋಕ್ಕೆ ಕುಂಕುಮ ಇಟ್ಟು, ಕಸೂತಿಯ ಬಟ್ಟೆ ಹೊದಿಸಿದ್ದರು. "ನೋಡಿ ಭಾವ, ಎಷ್ಟು ಸುಲಭ!" ಎಂದ ದೇರಣ್ಣ ಬಟ್ಟೆ ಸರಿಸಿ ತಿರುಪು ತಿರುಗಿಸಿದ. ತಿರುಪು ಮೂರು. ಒಂದು ಶಬ್ದಕ್ಕೆ, ಒಂದು ಸ್ಟೇಷನ್ನಿನ ಊರಿಗೆ, ಮೂರನೆಯದು ಎಂತದಕ್ಕೆಂದು ಅವನಿಗೂ ಗೊತ್ತಿಲ್ಲ. ಕಫ ಕಟ್ಟಿದ ಮುದುಕ ಕ್ಯಾಕರಿಸಿದಂತೆ ಪೆಟ್ಟಿಗೆ ಗೊರಗುಟ್ಟಿತು. ಗೌಡರು ಮುಖ ಕಿವುಚಿದರು.

ಆ ಗೊರಗೊರದ ನಡುವೆ ಹೆಣ್ಣು ಸ್ವರವೊಂದು ಕಿರುಗುಟ್ಟಿತು. "ನಮ್ಮ ಪ್ರೇಮ!" ಎಂದಳು ಪೂವಮ್ಮ.

"ಥೂ! ಇದು ಹಾಡಾ?" ಗೌಡರು ಎದ್ದೇಬಿಟ್ಟರು. "ಕೊರಳಾ ಅದು, ಒಡಕು ಹಂಡೆಯಾ? ಊರಿಡೀ ಇದನ್ನು ಕೇಳ್ತಾ ಉಂಟಲ್ಲ, ಮಾನ ಹೋಯ್ತು!"

"ನಿನ್ನೆ ಚಂದ ಕೇಳ್ತಿತ್ತು ಭಾವ. ಪೆಟ್ಟಿಗೆಗೆ ಎಂತದೋ ಆಗಿದೆ."

"ಪೆಟ್ಟಿಗೆಯೂ ಹೊಲಸು, ಹಾಡೂ ಹೊಲಸು. ನಾಳೆಯ ಬಸ್ಸಿಗೆ ಹೋಗಿ ಅವಳನ್ನು ಕರ್ಕೊಂಡು ಬರುದು. ಮುಗೀತು! ಬಂದ್ ಮಾಡು ಮಾರಾಯ ಈ ಅಸಹ್ಯವನ್ನು."

ಪೂವಮ್ಮನಿಗೆ ಕಣ್ಣು ತುಂಬಿ ಬಂತು. ಅವಳು ಅಂಗಳಕ್ಕಿಳಿದಳು. ಇನ್ನು ಇಲ್ಲಿ ಕೂತು ಎಂತ ಪ್ರಯೋಜನ? ಗಂಡನ ಪಂಚೆ ತೆಗೆದುಕೊಂಡು ಹೊರಡುವುದೇ ಎಂದು ದೋಟಿಯಲ್ಲಿ ಅದನ್ನು ಎಳೆದು ಕೆಳಗೆ ಹಾಕಿದಳು.

ಒಳಗೆ ದೇರಣ್ಣ ಬಂದ್ ಮಾಡುವ ಮೊದಲೇ ಗೊರಗೊರ ಥಟ್ಟನೆ ನಿಂತಿತು. ಹಾಡಿನ ಕೊನೆಯ ಸಾಲು ತಿಳಿಯಾಗಿ ಕೇಳಿಸಿತು. ಪ್ರೇಮಾವತಿಯ ಸ್ವರ ಮೇಲಿನ ಷಡ್ಜಕ್ಕೆ ಏರಿ, ಅಲ್ಲಿ ನಿಂತು, ಅಲುಗದೆ ಇಳಿಯಿತು. ಶ್ರುತಿ ಒಂದೆಳೆ ಕದಲಲಿಲ್ಲ. ಮತ್ತೆ ಪೆಟ್ಟಿಗೆಯೊಳಗಿನಿಂದ ಯಾರೋ ಅವಳ ಹೆಸರು ಹೇಳಿದರು. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು.

ಪೂವಮ್ಮ ಒದ್ದೆ ಪಂಚೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದೇರಣ್ಣ ಹಣೆ ಬಡಿದುಕೊಂಡ. "ಅಯ್ಯೋ ಭಾವ! ಹಾಡು ಬರುದೇ ಆ ತಂತಿಯಲ್ಲಿ. ಅದರ ಮೇಲೆ ಒದ್ದೆ ಪಂಚೆ ಹಾಕುದಾ?"

ಗೌಡರು ಪಂಚೆಯನ್ನು ನೋಡಿದರು. ತೋಡಿನ ಕೆಸರು ಇನ್ನೂ ಅದರಲ್ಲಿತ್ತು. ಮಗಳ ಹಾಡನ್ನು ನಾನೇ ಹಾಳು ಮಾಡಿ, ಮೇಲಿಂದ ಥೂ ಎಂದು ಉಗುಳಿದ್ದೆನಲ್ಲ ಎಂದು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

"ನಾಳೆಯ ಬಸ್ಸಿಗೆ ಹೋಗ್ತೀರಾ?" ಪೂವಮ್ಮ ಮೆಲ್ಲಗೆ ಕೇಳಿದಳು.

"ಹೋಗುದು," ಎಂದರು ಗೌಡರು. "ನೀನೂ ಹೊರಡು. ಅವಳ ಎದುರು ಕೂತು ಪೂರ್ತಿ ಹಾಡು ಕೇಳಿ ಬರುವ."