ನಲವತ್ತೊಂದನೆಯ ಆಧಾರ

ಕಾಲೇಜಿನ ಎದುರಿಗೆ ಮುರುಗೇಶಪ್ಪನ ಜೆರಾಕ್ಸ್ ಅಂಗಡಿ. ಕೂರಲು ಸ್ಟೂಲು ಇತ್ತು, ರಶ್ಮಿ ಕೂರಲಿಲ್ಲ. ಸ್ಪೈರಲ್ ಬೈಂಡಿನ ದಪ್ಪ ಸೆಟ್ಟನ್ನು ಹಿಂದಿನಿಂದ ಮುಂದಕ್ಕೆ ಮತ್ತೊಮ್ಮೆ ಮಗುಚಿ ನೋಡಿ ಕೇಳಿದಳು.

"ಹಿಂದಿನ ಪುಟಗಳು ಎಲ್ಲಿ ಮುರುಗೇಶಪ್ಪನವರೇ?"

"ಯಾವ ಹಿಂದಿನ ಪುಟ?"

"ಪ್ರತಿ ಪಾಠದ ಕೊನೇಲಿ ರೆಫರೆನ್ಸ್ ಅಂತ ಇರ್ತಾವಲ್ಲ, ಸಣ್ಣ ಅಕ್ಷರದಲ್ಲಿ. ಯಾವ ಮಾತು ಯಾರು ಹೇಳಿದ್ದು, ಎಲ್ಲಿ ಅಚ್ಚಾಗಿದ್ದು ಅಂತ."

"ಓ, ಅದಾ. ಅದನ್ನ ನಾವು ತೆಗೆಯೋದೇ ಇಲ್ಲ." ಮುರುಗೇಶಪ್ಪ ಮಷಿನ್ನಿನಿಂದ ತಲೆ ಎತ್ತಲಿಲ್ಲ. "ಎಕ್ಸಾಮಿಗೆ ಬರಲ್ಲ ಅಂತ ನಿಮ್ಮ ಸೀನಿಯರ್‌ಗಳೇ ಹೇಳಿದ್ದು. ಮೊದಲನೇ ಬ್ಯಾಚಿಂದ ಹಂಗೇ ನಡ್ಕೊಂಡು ಬಂದಿದೆ."

"ಎಲ್ಲಾ ಸೆಟ್ಟಿಗೂ ಹಂಗೇನಾ?"

"ಎಲ್ಲಾದಕ್ಕೂ. ಇಲ್ಲಿವರೆಗೆ ಒಬ್ಬರೂ ಕೇಳಿಲ್ಲವಮ್ಮ. ನೀನೇ ಮೊದಲು."

ಅದು ಎರಡು ಸಾವಿರದ ಎಂಟನೆಯ ಇಸವಿಯ ಮಾರ್ಚ್ ತಿಂಗಳು. ಶಿವಮೊಗ್ಗದ ಆ ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಓದುವ ನಾಲ್ವರು ಸೇರಿ ಒಂದು ತಂಡ ಕಟ್ಟಿಕೊಂಡಿದ್ದರು. ಬೇರೆ ಬೇರೆ ಜೀವಿಗಳ ಭಾಗಗಳನ್ನು ಪಂಪ್‌ಸೆಟ್ಟಿನ ಸಾಮಾನಿನ ಹಾಗೆ ಬಿಚ್ಚಿ ಜೋಡಿಸಿ, ಜೀವಕೋಶಕ್ಕೆ ಹೊಸ ಕೆಲಸ ಕಲಿಸುವ ವಿದ್ಯೆಗೆ ಸಿಂಥೆಟಿಕ್ ಬಯಾಲಜಿ ಎಂದು ಹೆಸರು. ತಂಡಕ್ಕೆ ಬೇಕಾಗಿದ್ದದ್ದು ನೀರಿನಲ್ಲಿ ತಾಮ್ರ ಹೆಚ್ಚಾದರೆ ಕೆಂಪಗೆ ತಿರುಗುವ ಒಂದು ಬ್ಯಾಕ್ಟೀರಿಯಾ. ಯೋಚನೆ ರಶ್ಮಿಯದು. ಹೊಳೆಹೊನ್ನೂರಿನಲ್ಲಿ ಅವಳ ಅಪ್ಪ ಏಕಾಂತಪ್ಪ ಮಳೆಗಾಲದಲ್ಲಿ ಅಡಿಕೆಗೆ ಮೈಲುತುತ್ತ ಹೊಡೆಸುತ್ತಿದ್ದರು. ಹೊಡೆಸಿದ ಮೇಲೆ ಒಂದಷ್ಟು ದಿನ ಬಸಿಗಾಲುವೆಯ ನೀರಿಗೆ ಎಮ್ಮೆಗಳು ಬಾಯಿ ಹಾಕುತ್ತಿರಲಿಲ್ಲ. ಮೈಲುತುತ್ತದಲ್ಲಿರುವ ತಾಮ್ರ ಬಾವಿಗೆ ಎಷ್ಟು ಇಳಿಯುತ್ತದೆ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ಇಂಥ ಕೆಲಸಕ್ಕೆ ಸಲಕರಣೆ ಇರಲಿಲ್ಲ. ಬೆಂಗಳೂರಿನ ಒಂದು ಸಂಸ್ಥೆ ಬೇಸಿಗೆ ರಜೆಯಲ್ಲಿ ಆಯ್ದ ತಂಡಗಳಿಗೆ ತನ್ನ ಲ್ಯಾಬಿನಲ್ಲಿ ಜಾಗ ಕೊಡುತ್ತಿತ್ತು. ಶನಿವಾರ ಅಲ್ಲಿಂದ ಇಬ್ಬರು ಬಂದು ತಂಡವನ್ನು ನೋಡುವವರಿದ್ದರು. ಜೋಡಿಸುವ ಪ್ರತಿಯೊಂದು ಡಿಎನ್‌ಎ ತುಣುಕಿಗೂ ಮೂಲ ಆಧಾರ ತೋರಿಸಬೇಕೆಂಬುದು ಅವರ ಷರತ್ತು. ಆಧಾರಗಳನ್ನು ಒಟ್ಟು ಮಾಡುವ ಹೊಣೆ ರಶ್ಮಿಯ ಪಾಲಿಗೆ ಬಂದಿತ್ತು. ಉಳಿದದ್ದೆಲ್ಲ ಹೇಗೋ ಸಿಕ್ಕಿತ್ತು. ಮುಖ್ಯವಾದ ತುಣುಕು, ತಾಮ್ರವನ್ನು ಗುರುತು ಹಿಡಿಯುವುದು, ಅದೊಂದೇ ಬಾಕಿ. ಸೆಟ್ಟಿನಲ್ಲಿದ್ದ ಒಂದು ಪಾಠ ಅದನ್ನು ಎಲ್ಲಕ್ಕಿಂತ ಚುರುಕಾದದ್ದು ಎಂದು ಹೊಗಳಿತ್ತು. ಹೊಗಳಿಕೆಯ ತುದಿಯಲ್ಲಿ ಸಾಸಿವೆಯಷ್ಟು ಸಣ್ಣದಾಗಿ ನಲವತ್ತೊಂದು ಎಂಬ ಅಂಕಿ. ಆ ಅಂಕಿ ಬೆರಳು ಮಾಡಿ ತೋರಿಸುತ್ತಿದ್ದ ಪುಟ ಯಾರ ಸೆಟ್ಟಿನಲ್ಲೂ ಇರಲಿಲ್ಲ. ಸೈಬರ್ ಕೆಫೆಯಲ್ಲಿ ಕೂತು ಹುಡುಕಿದರೆ ಸೆಟ್ಟಿಗೆ ಮೂಲವಾದ ಪುಸ್ತಕದ ಹೊದಿಕೆಯ ಚಿತ್ರ ಮಾತ್ರ ತೆರೆದುಕೊಳ್ಳುತ್ತಿತ್ತು.

"ಯಾವುದಾದ್ರೂ ಒಂದು ಹೆಸರು ಹಾಕು ಮಾರಾಯ್ತಿ," ಎಂದ ತಂಡದ ನಿರಂಜನ. ಚಿತ್ರ ಬರೆಯುವುದು, ಮಾತಾಡುವುದು ಅವನ ಪಾಲಿನ ಕೆಲಸ. "ಅವರೇನು ಬೆಂಗಳೂರಿಗೆ ಹೋಗಿ ಪುಸ್ತಕ ತೆಗೆದು ನೋಡ್ತಾರಾ?"

"ನೋಡಿದ್ರೆ?"

"ನೋಡಿದ್ರೆ ಆಗ ನೋಡೋಣ. ನಿನ್ನ ಕೈಲಿ ಆಗದಿದ್ರೆ ಹೇಳು, ನಾನೇ ಹಾಕ್ತೀನಿ. ಒಳ್ಳೇ ಜರ್ಮನ್ ಹೆಸರು."

ಸೆಟ್ಟಿನ ಮೂಲ ಪ್ರತಿ ಸೌಂದರ್ಯ ಮೇಡಂ ಅವರದೆಂದು ಮುರುಗೇಶಪ್ಪನಿಗೆ ನೆನಪಿತ್ತು. ಮೇಡಂ ಹೆರಿಗೆಗೆಂದು ಭದ್ರಾವತಿಯ ಓಲ್ಡ್ ಟೌನಿನ ತವರಿಗೆ ಹೋದವರು ಇನ್ನೂ ಅಲ್ಲೇ ಇದ್ದರು. ಗುರುವಾರ ಮಧ್ಯಾಹ್ನ ಕ್ಲಾಸು ಬಿಟ್ಟು ರಶ್ಮಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಬಿಸಿಲು ಬಿತ್ತೆಂದು ಎದ್ದು ಈಚೆ ಕೂತಳು, ಸೆಕೆಯೆಂದು ಮತ್ತೆ ಆಚೆ ಹೋದಳು. ಪಕ್ಕದ ಹೆಂಗಸು, "ಒಂದು ಕಡೆ ಕೂರವ್ವ, ನಂಗೇ ತಲೆ ತಿರುಗ್ತದೆ," ಎಂದಳು. ಭದ್ರಾವತಿಯಲ್ಲಿ ಇಳಿದ ಮೇಲೆ, ಬಾಣಂತಿ ಇರುವ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನೆನಪಾಗಿ, ಪೇಟೆಯಲ್ಲಿ ಮಗುವಿಗೊಂದು ಕುಲಾವಿ ಕೊಂಡಳು.

ಬಾಗಿಲು ತೆರೆದವರು ಮೇಡಂ ಅವರ ತಾಯಿ ಜಗದಾಂಬಾ. ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದು ರಿಟೈರಾದವರು. ಕಾಲು ತೊಳೆದುಕೊಳ್ಳಲು ನೀರು ತೋರಿಸಿ, ತೊಳೆದದ್ದನ್ನು ನೋಡಿದ ಮೇಲೆಯೇ ಒಳಗೆ ಬಿಟ್ಟರು.

ಕೋಣೆಯ ಕಿಟಕಿ ಮುಚ್ಚಿತ್ತು. ಸಾಂಬ್ರಾಣಿ ಹೊಗೆ ಇನ್ನೂ ಆರಿರಲಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ ಸೌಂದರ್ಯ ಮೇಡಂ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದರು. ಮಗು ಮಡಿಲಲ್ಲಿತ್ತು. ರಶ್ಮಿ ಬಂದ ಕಾರಣ ಹೇಳಿ ಮುಗಿಸುವ ಮೊದಲೇ ಅವರ ಕಣ್ಣು ಮಂಚದ ಕೆಳಗೆ ಹೋಯಿತು.

"ಟ್ರಂಕಿನಲ್ಲಿದೆ. ನೀಲಿ ಫೈಲು. ತೆಗಿ ತೆಗಿ."

"ಯಾರೂ ಏನೂ ತೆಗೆಯೋದು ಬೇಡ," ಎಂದರು ಜಗದಾಂಬಾ. "ಹಸಿ ಮೈ. ಈಗ ಓದಿದ್ರೆ ಕಣ್ಣು ಸೋತು ಹೋಗ್ತಾವೆ. ಆಮೇಲೆ ಜೀವಮಾನ ಪೂರ್ತಿ ತಲೆನೋವು."

"ಒಂದು ಸಾಲು ಅಮ್ಮ."

"ಒಂದು ಸಾಲು ಅಂತೀಯ, ಫೈಲು ಕೈಗೆ ಬಂದ್ರೆ ಬಿಡ್ತೀಯ? ಮೊನ್ನೆ ಅಂಟಿನುಂಡೆ ಕಟ್ಟಿದ್ದ ಪೇಪರನ್ನ ಬೆಳಕಿಗೆ ಹಿಡ್ಕೊಂಡು ಓದ್ತಿದ್ದವಳು ನೀನು."

ಸೌಂದರ್ಯ ಮೇಡಂ ರಶ್ಮಿಯತ್ತ ತಿರುಗಿದರು. "ಎರಡು ತಿಂಗಳಾಯ್ತು ಕಣೇ. ಗೋಡೆ ಮೇಲಿನ ಕ್ಯಾಲೆಂಡರು ಬಾಯಿಪಾಠ ಆಗಿದೆ."

"ನಾನು ಓದ್ತೀನಿ ಬಿಡಿ ಅಮ್ಮ. ಮೇಡಂ ನೋಡೋದು ಬೇಡ," ಎಂದಳು ರಶ್ಮಿ.

ಜಗದಾಂಬಾ ಯೋಚಿಸಿದರು. ಮಗಳು ಅದನ್ನು ಕಸಿದುಕೊಳ್ಳುತ್ತಾಳೆಂಬ ಅನುಮಾನ ಅವರಿಗೆ ಹೋಗಲಿಲ್ಲ. ಕೊನೆಗೆ ತಾವೇ ಬಗ್ಗಿ ಟ್ರಂಕು ಎಳೆದು ಫೈಲು ತೆಗೆದರು. ಸೊಂಟಕ್ಕೆ ಸಿಕ್ಕಿಸಿದ್ದ ಕನ್ನಡಕ ಹಾಕಿಕೊಂಡು, ಕೋಣೆಯ ಬಾಗಿಲಿನಾಚೆ ಬೆಳಕಿಗೆ ಕುರ್ಚಿ ಹಾಕಿ ಕೂತರು.

"ನಾನೇ ಓದ್ತೀನಿ. ಅವಳು ಕೇಳಲಿ. ಕಿವಿಗೇನೂ ಆಗಲ್ಲ."

ನಲವತ್ತೊಂದನೆಯದು ಮಾತ್ರ ಸಾಕೆಂದು ರಶ್ಮಿ ಹೇಳಿದಳು. ಜಗದಾಂಬಾ ಒಪ್ಪಲಿಲ್ಲ. ಅವರು ಜೀವಮಾನದಲ್ಲಿ ಯಾವುದನ್ನೂ ನಡುವಿನಿಂದ ಓದಿದವರಲ್ಲ. ಮೊದಲನೆಯದರಿಂದ ಶುರುಮಾಡಿದರು. ಒಂದೊಂದು ಹೆಸರನ್ನೂ ಮಕ್ಕಳಿಗೆ ಹೇಳಿಕೊಡುವ ಹಾಗೆ ಬಿಡಿಸಿ, ಹೊಸ ಸಾಲಿಗೆ ಬಂದಾಗ ಉಸಿರು ತೆಗೆದುಕೊಂಡು ಓದಿದರು. ರಶ್ಮಿ ಕಾಲು ಬದಲಾಯಿಸಿ ನಿಂತಳು. ಐದೂವರೆಯ ಬಸ್ಸು ತಪ್ಪುವಂತಿತ್ತು. ಮೇಡಂ ಮಾತ್ರ ಮಗುವನ್ನು ತಟ್ಟುತ್ತ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಹೂಂ, ಇದು ಒಳ್ಳೇದು," "ಇದನ್ನ ಬರಕೋ," "ಇವನು ಸ್ವಲ್ಪ ಜಂಬದವನು," ಎಂದು ನಡುವೆ ಹೇಳುತ್ತಿದ್ದರು. ಊರಿನ ನೆಂಟರ ಸುದ್ದಿ ಕೇಳುವಂತಿತ್ತು ಅವರ ಮುಖ.

"ಈ ಎಟ್ ಆಲ್ ಅನ್ನೋನು ಯಾರೇ? ಎಲ್ಲರ ಜೊತೇಲೂ ಇದಾನೆ," ಎಂದರು ಜಗದಾಂಬಾ.

"ಇತರರು ಅಂತ ಅಮ್ಮ. ಮುಂದೆ ಓದು."

ನಲವತ್ತು ಮುಗಿಯಿತು. ರಶ್ಮಿ ಪೆನ್ನಿನ ಮುಚ್ಚಳ ತೆಗೆದಳು.

"ನಲವತ್ತೊಂದು," ಎಂದು ಜಗದಾಂಬಾ ಪುಟವನ್ನು ಸ್ವಲ್ಪ ದೂರ ಹಿಡಿದರು. "ಒಂದು ಹೆಸರಿದೆ. ಆಮೇಲೆ ಪರ್ಸನಲ್ ಕಮ್ಯುನಿಕೇಶನ್. ಅಷ್ಟೇ."

"ಪತ್ರಿಕೆ ಹೆಸರು? ವರ್ಷ?"

"ಇಲ್ಲವಮ್ಮ. ಮುಂದೆ ನಲವತ್ತೆರಡು."

ರಶ್ಮಿ ಹೋಗಿ ಬಗ್ಗಿ ನೋಡಿದಳು. ಅಷ್ಟೇ ಇತ್ತು. ಯಾರೋ ಯಾರಿಗೋ ಪತ್ರದಲ್ಲೋ ಕಾಫಿ ಕುಡಿಯುತ್ತಲೋ ಹೇಳಿದ್ದ ಮಾತು, ಎಲ್ಲೂ ಅಚ್ಚಾಗಿರದ ಮಾತು, ಪುಸ್ತಕಕ್ಕೆ ಹತ್ತಿತ್ತು. ಅದನ್ನು ನಂಬಿ ನಾಲ್ವರು ವರ್ಷವಿಡೀ ಯೋಜನೆ ಕಟ್ಟಿದ್ದರು.

"ನೀವು ಇದನ್ನ ನೋಡಿರಲಿಲ್ವಾ ಮೇಡಂ?"

ಮೇಡಂ ಮಗುವಿನ ಹೊದಿಕೆ ಸರಿಮಾಡಿದರು. "ನಂಗೆ ಆಗ ಬೇರೆ ನಂಬರು ಬೇಕಾಗಿತ್ತು. ಬೇಕಾದ್ದು ಮಾತ್ರ ನೋಡಿದ್ದೆ." ಆಮೇಲೆ ಅವರೇ, "ಇನ್ನೇನು ಮಾಡ್ತೀಯ?" ಎಂದರು.

"ಗೊತ್ತಿಲ್ಲ."

"ಹಿಂದಿನ ಪುಟ ತಗೊಂಡು ಹೋಗು. ವಾಪಸ್ ತಂದುಕೊಡು."

"ಮಡಚಬೇಡ," ಎಂದರು ಜಗದಾಂಬಾ. ಅಂಟಿನುಂಡೆಯೊಂದನ್ನು ಅವಳ ಕೈಗಿಟ್ಟರು.

ಬಸ್ಸಿನಲ್ಲಿದ್ದಾಗ ನಿರಂಜನನ ಮಿಸ್ಡ್ ಕಾಲ್ ಬಂತು. ಮೊಬೈಲಿನಲ್ಲಿ ಕರೆನ್ಸಿ ಇರಲಿಲ್ಲ, ಇಳಿದ ಮೇಲೆ ರೂಪಾಯಿ ಹಾಕುವ ಫೋನಿನಿಂದ ಮಾಡಿದಳು.

"ಸಿಕ್ತಾ?"

"ಸಿಕ್ತು. ಅದರಲ್ಲಿ ಏನೂ ಇಲ್ಲ."

ಅವಳು ವಿವರಿಸಿದಳು.

"ನೋಡು," ಎಂದ ನಿರಂಜನ, "ಇಷ್ಟು ದಿನ ಸೆಟ್ ಓದಿದವರು ಯಾರಿಗೂ ಇದು ಗೊತ್ತಿಲ್ಲ. ನಿಂಗೂ ಗೊತ್ತಿಲ್ಲ ಅಂದ್ಕೋ."

"ಗೊತ್ತಾಯ್ತಲ್ಲ ಮಾರಾಯ."

"ಜಾಗ ಹೋದ್ರೆ ನಿನ್ನಿಂದ ಹೋದಂಗೆ."

"ಹೂಂ," ಎಂದು ಇಟ್ಟಳು. ಶುಕ್ರವಾರ ಹಾಸ್ಟೆಲಿನ ಟೆರೇಸಿನ ಮೇಲೆ ಒಣಗಿದ್ದ ಬಟ್ಟೆಯನ್ನೇ ಮತ್ತೆ ಜಾಲಿಸಿ ಹರವಿದಳು.

ಶನಿವಾರ ಬೆಂಗಳೂರಿನಿಂದ ಬಂದವರಲ್ಲಿ ಹಿರಿಯರಾದವರು ನಿರಂಜನನ ಚಿತ್ರಗಳನ್ನು ಬೇಗಬೇಗ ದಾಟಿಸಿ, ಆಧಾರಗಳ ಪುಟಕ್ಕೆ ಬಂದು ಅಲ್ಲಿ ಬೆರಳಿಟ್ಟರು. ತಾಮ್ರದ ತುಣುಕಿನ ಮುಂದೆ ರಶ್ಮಿ, ಆಧಾರ ಸಿಕ್ಕಿಲ್ಲ, ಎಂದು ಬರೆದಿದ್ದಳು.

"ನೀವು ಹುಡುಕಲಿಲ್ವೋ, ಆಧಾರವೇ ಇಲ್ಲವೋ?"

"ಹುಡುಕಿದೆ ಸರ್. ಇಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು. ಎಲ್ಲೂ ಅಚ್ಚಾಗಿಲ್ಲ."

"ಹಾಗಾದ್ರೆ ಇದು ಕೆಲಸ ಮಾಡುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ನಿರಂಜನ ಬಾಯಿ ತೆರೆದ. ಅಷ್ಟರಲ್ಲಿ ರಶ್ಮಿ, "ಗೊತ್ತಿಲ್ಲ ಸರ್," ಎಂದಳು. "ಮೊದಲು ಅದೊಂದನ್ನೇ ಮಾಡಿ ನೋಡ್ಬೇಕು. ಬಣ್ಣ ಆಮೇಲೆ."

ಅವರು ಏನೋ ಗೀಚಿಕೊಂಡರು. ಮುಖದಲ್ಲಿ ಏನೂ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ನಿರಂಜನ ಅವಳೊಂದಿಗೆ ಮಾತಾಡಲಿಲ್ಲ.

ಮರುವಾರ ನೋಟಿಸ್ ಬೋರ್ಡಿನಲ್ಲಿ ಅವರ ತಂಡದ ಹೆಸರು ಇತ್ತು. ಕೆಳಗೆ ಒಂದು ಷರತ್ತೂ ಇತ್ತು. ಮೊದಲ ಎರಡು ವಾರ ಆ ತುಣುಕನ್ನು ಮಾತ್ರ ಪರೀಕ್ಷಿಸಬೇಕು, ಅದು ತಾಮ್ರಕ್ಕೆ ಎಚ್ಚರಗೊಳ್ಳದಿದ್ದರೆ ತಂಡ ಊರಿಗೆ ಹಿಂದಿರುಗಬೇಕು. ನಿರಂಜನ ಎರಡು ಸಲ ಓದಿ, "ಆಗದಿದ್ರೆ ಗಂಟುಮೂಟೆ ಕಟ್ಟಿಸಿ ಕಳಿಸ್ತಾರೆ," ಎಂದ. ಆದರೂ ಕ್ಯಾಂಟೀನಿನಲ್ಲಿ ಅವಳ ಟೀಗೆ ಅವನೇ ಹೇಳಿದ. ಶನಿವಾರದವರೆಗಿದ್ದ ರಶ್ಮಿಯ ಚಡಪಡಿಕೆ ಈಗ ಬೇಸಿಗೆಯವರೆಗೆ ಉದ್ದವಾಗಿತ್ತು.

ಜಗದಾಂಬಾ ಅವರಿಗೆ ಪುಟಗಳನ್ನು ವಾಪಸ್ ಕೊಡುವ ಮೊದಲು ಅವಳು ಮುರುಗೇಶಪ್ಪನ ಅಂಗಡಿಗೆ ಹೋದಳು.

"ಇದನ್ನ ಒಂದು ಕಾಪಿ ತೆಗೆದು ನಿಮ್ಮ ಸೆಟ್ಟಿಗೆ ಸೇರಿಸಿ. ಇನ್ಮೇಲೆ ಎಲ್ಲರಿಗೂ ಇದನ್ನೂ ಕೊಡಿ."

ಮುರುಗೇಶಪ್ಪ ಪುಟಗಳನ್ನು ತಿರುವಿದ. "ಪುಟ ಜಾಸ್ತಿ ಆಗ್ತದೆ. ಹುಡುಗ್ರು ನಂಗೆ ಬೈತಾರೆ."

"ಬೈಲಿ."

"ಇದರಲ್ಲಿ ಏನಿದೆ? ಬರೀ ಹೆಸರು."

"ಹೂಂ. ಬರೀ ಹೆಸರೇ."

ಅವನು ಮೊದಲ ಪುಟವನ್ನು ಗಾಜಿನ ಮೇಲೆ ಬೋರಲು ಹಾಕಿದ. ಮಷಿನ್ನಿನ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುವುದನ್ನು ರಶ್ಮಿ ಸ್ಟೂಲಿನ ಮೇಲೆ ಕೂತು ನೋಡಿದಳು.